ಮದ್ದಿನ ಹಾಗೆ ಎರಡು ಲೋಟ

ಜೂನ್ ತಿಂಗಳಲ್ಲಿ ಕೃಷ್ಣಗಿರಿಯಿಂದ ಹೊಸೂರಿಗೆ ಬಸ್ಸಿನಲ್ಲಿ ಬಂದವರಿಗೆ ಆ ವಾಸನೆ ಗೊತ್ತಿರುತ್ತದೆ. ಮಾವಿನ ತಿರುಳು ಬೇಯಿಸುವ ಕಾರ್ಖಾನೆಗಳಿಂದ ಬರುವುದು. ಮೊದಲ ಉಸಿರಿಗೆ ಬಾಯಲ್ಲಿ ನೀರೂರುತ್ತದೆ, ನಾಲ್ಕನೆಯ ಉಸಿರಿಗೆ ಸಾಕಪ್ಪಾ ಅನ್ನಿಸುತ್ತದೆ, ಆಮೇಲೆ ಹುಳಿ ಹಿಡಿದ ಓಟೆಯ ನಾತವೊಂದೇ ಮೂಗಿನಲ್ಲಿ ಉಳಿಯುತ್ತದೆ. ಈ ಸಲ ನಾನು ಕೃಷ್ಣಗಿರಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರಿಗೆ ಎರಡು ದಿನದ ತರಬೇತಿ ಕೊಟ್ಟು ವಾಪಸ್ಸು ಬರುತ್ತಿದ್ದೆ. ಸಂಸ್ಥೆಗಳು ಹಳ್ಳಿಗಳಲ್ಲಿ ಮಾಡುವ ಕೆಲಸ ಜನರಿಗೆ ನಿಜವಾಗಿ ಉಪಯೋಗಕ್ಕೆ ಬಂತೋ ಇಲ್ಲವೋ ಎಂದು ನೋಡಿ, ಕೇಳಿ, ಅಳೆದು ಬರೆಯುವುದು ಹೇಗೆ ಎಂದು ಹೇಳಿಕೊಡುವುದು ನನ್ನ ಈಗಿನ ಕೆಲಸ. ಕಚೇರಿಗಳಲ್ಲಿ ಇದಕ್ಕೆ ಮಾನಿಟರಿಂಗ್ ಎನ್ನುತ್ತಾರೆ. ಎರಡು ದಿನ ಗಂಟಲು ಹರಿಯುವ ಹಾಗೆ ಮಾತಾಡಿ, ಚಪ್ಪಾಳೆ ತಟ್ಟಿಸಿಕೊಂಡು ಬಸ್ಸು ಹತ್ತಿದ್ದೆ. ಆ ವಾಸನೆ ಬಂದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಶೂಳಗಿರಿ ಇನ್ನೂ ದೂರವಿರುವಾಗಲೇ ಒಂದು ತಿರುವಿನಲ್ಲಿ ಇಳಿದುಬಿಟ್ಟೆ. ಹನ್ನೊಂದು ವರ್ಷದಿಂದ ನಾನು ಅಲ್ಲಿ ಇಳಿದಿರಲಿಲ್ಲ.

ಆಗ ನನಗೆ ಇಪ್ಪತ್ತನಾಲ್ಕು. ಬಾಗಲೂರಿನ ಕಡೆ ನಮ್ಮ ಊರು. ಅಪ್ಪ ಕೋಸು, ಟೊಮೆಟೊ ಬೆಳೆಯುತ್ತಿದ್ದರು. ಅಣ್ಣ ಮೂಕಂಡಪಲ್ಲಿಯ ಒಂದು ಕಾರ್ಖಾನೆಯಲ್ಲಿದ್ದ. ನಾನು ಬಿ.ಎಸ್ಸಿ. ಮುಗಿಸಿ, ಅಣ್ಣನ ಮನೆಯ ಹಾಲಿನಲ್ಲಿ ಚಾಪೆ ಹಾಕಿಕೊಂಡು ಇದ್ದು, ಒಂದು ಟ್ರಸ್ಟಿನಲ್ಲಿ ಕೆಲಸ ಹಿಡಿದಿದ್ದೆ. ಟ್ರಸ್ಟು ನೀರಿನ ಕೆಲಸ ಮಾಡುತ್ತಿತ್ತು. ಆ ಕಡೆಯ ಹಲವು ಊರುಗಳಲ್ಲಿ ಬೋರು ಆಳಕ್ಕೆ ಹೋದಷ್ಟೂ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ನೋಡಲು ತಿಳಿ ನೀರು, ಕುಡಿಯಲು ರುಚಿಯೇ. ಆದರೆ ವರ್ಷಗಟ್ಟಲೆ ಕುಡಿದವರ ಹಲ್ಲಿನ ಮೇಲೆ ಕಂದು ಗೆರೆ ಬೀಳುತ್ತದೆ, ವಯಸ್ಸಾದವರಿಗೆ ಕತ್ತು ತಿರುಗುವುದಿಲ್ಲ, ಎಳೆಯ ಮಕ್ಕಳ ಮೂಳೆ ನೆಟ್ಟಗೆ ಬೆಳೆಯುವುದಿಲ್ಲ. ಅದಕ್ಕೆಂದು ಟ್ರಸ್ಟಿನವರು ನಾನು ಈಗ ಇಳಿದ ತಿರುವಿನ ಒಳಗಿರುವ ಊರಿನ ಒಂದೊಂದು ಮನೆಗೂ ಒಂದೊಂದು ಸ್ಟೀಲ್ ಫಿಲ್ಟರ್ ಕೊಟ್ಟಿದ್ದರು. ಮೇಲೊಂದು ಪಾತ್ರೆ, ಕೆಳಗೊಂದು ಪಾತ್ರೆ, ಮೇಲಿನದರ ತಳದಲ್ಲಿ ಸಬ್ಬಕ್ಕಿಯಂಥ ಬಿಳಿ ಕಾಳು. ಬೋರಿನ ನೀರನ್ನು ಮೇಲೆ ಸುರಿದರೆ ಆ ಕಾಳು ಫ್ಲೋರೈಡನ್ನು ಹೀರಿಕೊಂಡು ಒಳ್ಳೆಯ ನೀರನ್ನು ತೊಟ್ಟು ತೊಟ್ಟಾಗಿ ಕೆಳಗೆ ಬಿಡುತ್ತದೆ. ಮೂರು ನಾಲ್ಕು ತಿಂಗಳಿಗೆ ಕಾಳಿನ ಶಕ್ತಿ ಮುಗಿಯುತ್ತದೆ. ಆಗ ಅದನ್ನು ನಮ್ಮ ಕಚೇರಿಗೆ ತಂದರೆ ತೊಳೆದು, ಮತ್ತೆ ಕೆಲಸಕ್ಕೆ ಬರುವ ಹಾಗೆ ಮಾಡಿಕೊಡುತ್ತಿದ್ದೆವು.

ಹದಿನೈದು ದಿನಕ್ಕೊಮ್ಮೆ ಹೋಗಿ ಮನೆಮನೆಯಲ್ಲೂ ಫಾರಂ ತುಂಬುವುದು ನನ್ನ ಕೆಲಸ. ಫಿಲ್ಟರ್ ಇದೆಯೇ, ಚೊಕ್ಕಟವಾಗಿದೆಯೇ, ಮುಚ್ಚಳ ಹಾಕಿದ್ದಾರೆಯೇ, ಮಗು ಫಿಲ್ಟರ್ ನೀರು ಕುಡಿಯುತ್ತದೆಯೇ. ಹೌದು ಅಥವಾ ಇಲ್ಲ. ಜೊತೆಗೆ ಒಂದು ಪುಟ್ಟ ಬಾಟಲಿ ಇರುತ್ತಿತ್ತು. ಫಿಲ್ಟರ್‌ನಿಂದ ಬಂದ ನೀರಿಗೆ ಅದರಿಂದ ನಾಲ್ಕು ಹನಿ ಹಾಕಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗಬೇಕು. ಹಳದಿಗೆ ತಿರುಗಿದರೆ ಆ ನೀರು ಕುಡಿಯಬಾರದು. ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ ಅನ್ನುತ್ತಾರಲ್ಲ, ನಾನು ಊರಿಗೆ ಬರುತ್ತಿದ್ದುದೇ ನೀರಿಗೆ. ಮಕ್ಕಳು ನನ್ನನ್ನು ಫಾರಂ ಅಕ್ಕ ಎಂದು ಕರೆಯುತ್ತಿದ್ದವು. ನನಗೆ ಅದು ಹೆಮ್ಮೆ. ಆ ವಯಸ್ಸಿನಲ್ಲಿ ಕೈಯಲ್ಲೊಂದು ಪ್ಯಾಡು, ಕತ್ತಿನಲ್ಲೊಂದು ಐಡಿ ಕಾರ್ಡು ಇದ್ದರೆ ಸಾಕು, ಊರು ಉದ್ಧಾರ ಮಾಡಲು ಬಂದೆ ಅನ್ನಿಸುತ್ತದೆ.

ಕೊನೆಯ ಬೀದಿಯಲ್ಲಿ ಪಾಪಮ್ಮಜ್ಜಿಯ ಮನೆ. ಮಗ ಮಾವಿನ ತೋಪುಗಳಲ್ಲಿ ಟ್ರಾಕ್ಟರ್ ಓಡಿಸುತ್ತಿದ್ದ. ಸೊಸೆ ಮಂಜುಳ ಕಂಪನಿ ಬಸ್ಸು ಹತ್ತಿ ಹೊಸೂರಿನ ಕಾರ್ಖಾನೆಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅವರ ಒಬ್ಬಳೇ ಮಗಳು ಭವ್ಯ. ನಾಲ್ಕೂವರೆ ವರ್ಷ. ಅಜ್ಜಿಯ ಕೈಯಲ್ಲೇ ಬೆಳೆಯುತ್ತಿದ್ದಳು. ಮಾತಿನಲ್ಲಿ ಚೂಟಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಅಂಗನವಾಡಿಯಲ್ಲಿ ತಮಿಳು, ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದಳು. ಓಡುವಾಗ ಮಾತ್ರ ಅವಳ ಮಂಡಿಗಳು ಒಂದಕ್ಕೊಂದು ತಾಗುತ್ತಿದ್ದವು.

ನಾನೇ ಒಂದು ದಿನ ಅಜ್ಜಿಯನ್ನೂ ಮಗುವನ್ನೂ ಕೃಷ್ಣಗಿರಿಗೆ ಕರೆದುಕೊಂಡು ಹೋಗಿ ಮೂಳೆ ಡಾಕ್ಟರಿಗೆ ತೋರಿಸಿದೆ. ಅದೂ ಇದೇ ಮಾವಿನ ಕಾಲ, ಬಸ್ಸಿನಲ್ಲಿ ಇದೇ ವಾಸನೆ, ಭವ್ಯ ಹಣ್ಣು ಬೇಕೆಂದು ದಾರಿಯುದ್ದಕ್ಕೂ ಹಟ ಹಿಡಿದಿದ್ದಳು. ಡಾಕ್ಟರು ಅವಳನ್ನು ಗೋಡೆಗೆ ಒರಗಿಸಿ, ಮಂಡಿ ಜೋಡಿಸಿ ನಿಲ್ಲಿಸಿದರು. ಎರಡು ಕಾಲಿನ ಗಿಣ್ಣುಗಳ ನಡುವೆ ತಮ್ಮ ಬೆರಳಿಟ್ಟು ನೋಡಿದರು. ನಾಲ್ಕು ಬೆರಳು. ಮೂತ್ರವನ್ನು ಒಂದು ಬಾಟಲಿಯಲ್ಲಿ ಪರೀಕ್ಷೆಗೆ ಕಳಿಸಿದರು. ಅದರಲ್ಲೂ ಫ್ಲೋರೈಡ್ ಬಹಳ ಇತ್ತು. ನೀರು ಬದಲಾಯಿಸಿ, ಹಾಲು, ರಾಗಿ, ಮೊಟ್ಟೆ ಕೊಡಿ, ಇದು ಮೂಳೆ ತಿದ್ದಿಕೊಳ್ಳುವ ವಯಸ್ಸು, ಒಂದು ವರ್ಷ ಸರಿಯಾಗಿ ನೋಡಿಕೊಂಡರೆ ತಾನಾಗಿಯೇ ನೆಟ್ಟಗಾಗಬಹುದು, ಬಿಟ್ಟರೆ ಕಷ್ಟ ಎಂದರು. ನಡುವೆ ಒಂದೆರಡು ಸಲ ಮೂತ್ರದ ಪರೀಕ್ಷೆ ಮಾಡಿಸಿ, ನೀರು ಕೆಲಸ ಮಾಡುತ್ತಿದೆಯೋ ಇಲ್ಲವೋ ಅದರಲ್ಲಿ ಗೊತ್ತಾಗುತ್ತದೆ ಎಂದೂ ನನಗೆ ಹೇಳಿದರು. ನಾನು ತಲೆಯಾಡಿಸಿದೆ.

ವಾಪಸ್ಸು ಬಂದು ಅಜ್ಜಿಯನ್ನು ಫಿಲ್ಟರ್ ಮುಂದೆ ಕೂರಿಸಿಕೊಂಡೆ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದರೆ ಅಜ್ಜಿಗೆ ಗೊಂದಲವಾಗಬಹುದು, ಮನಸ್ಸಿಗೆ ನಾಟುವ ಹಾಗೆ ಒಂದೇ ಮಾತು ಹೇಳಬೇಕು ಎಂದು ನನಗೆ ನಾನೇ ಜಾಣೆಯಾದೆ.

"ಈ ನೀರೇ ಇವ್ಳಿಗೆ ಮದ್ದು ಅಂತ ತಿಳ್ಕೊ ಅಜ್ಜಿ. ಒಂದಿನಾನೂ ತಪ್ಪಿಸ್ಬ್ಯಾಡ."

ಅಜ್ಜಿ ಫಿಲ್ಟರನ್ನೂ ನನ್ನನ್ನೂ ನೋಡಿ, "ತಪ್ಪಿಸಲ್ಲ ಕಣವ್ವ" ಎಂದು ನನ್ನ ಕೈ ಮೇಲೆ ಕೈಯಿಟ್ಟಳು. ಆ ವರ್ಷವೆಲ್ಲ ನಾನು ನಿಶ್ಚಿಂತೆಯಿಂದ ಇದ್ದದ್ದು ಆ ಕೈಯ ಮೇಲಿನ ನಂಬಿಕೆಯಿಂದ.

ಮಳೆ ಬಂತು. ಅವರೆ ಬಂತು, ರಾಗಿ ಕುಯ್ಲಾಯಿತು. ಹದಿನೈದು ದಿನಕ್ಕೊಮ್ಮೆ ನಾನು ಹೋಗುತ್ತಿದ್ದೆ. ಹೋದಲ್ಲೆಲ್ಲ ಮೊದಲು ಕುರ್ಚಿ, ಆಮೇಲೆ ಒಂದು ಲೋಟ ನೀರು. ಲೋಟವನ್ನು ನನ್ನ ಕಣ್ಣೆದುರಿಗೇ ಫಿಲ್ಟರಿನ ನಲ್ಲಿಗೆ ಹಿಡಿದು ತುಂಬಿಸಿ ಕೊಡುತ್ತಿದ್ದರು. ಮನೆಗೆ ಬಂದವರಿಗೆ ಮನೆಯಲ್ಲಿರುವುದರಲ್ಲಿ ಒಳ್ಳೆಯದನ್ನು ಕೊಡಬೇಕು ಎನ್ನುವುದು ನಮ್ಮ ಕಡೆ ಯಾರೂ ಹೇಳಿಕೊಡಬೇಕಾದದ್ದಲ್ಲ. ನಾನು ಅರ್ಧ ಕುಡಿದು, ಉಳಿದರ್ಧಕ್ಕೆ ನಾಲ್ಕು ಹನಿ ಹಾಕುತ್ತಿದ್ದೆ. ಗುಲಾಬಿ. ಎಲ್ಲ ಮನೆಯಲ್ಲೂ, ಪ್ರತಿ ಸಲವೂ ಗುಲಾಬಿ. ಮಗು ಕುಡೀತಾಳಾ ಅಜ್ಜಿ ಎಂದರೆ ಪಾಪಮ್ಮಜ್ಜಿ, "ಕುಡೀತಾಳೆ ಕಣವ್ವ, ನಾನೇ ಕುಡುಸ್ತೀನಿ" ಅನ್ನುತ್ತಿದ್ದಳು. ನಾನು ಹೌದು ಎನ್ನುವ ಕಡೆ ಗುರುತು ಹಾಕುತ್ತಿದ್ದೆ. ಅವಳು ಒಂದು ಸಲವೂ ಸುಳ್ಳು ಹೇಳಿರಲಿಲ್ಲ.

ಪಾಪಮ್ಮಜ್ಜಿಯ ಫಿಲ್ಟರ್ ಕನ್ನಡಿಯಂತೆ ಹೊಳೆಯುತ್ತಿತ್ತು. ನಡುಮನೆಯಲ್ಲಿ ದೇವರ ಪಟದ ಪಕ್ಕದಲ್ಲೇ ಒಂದು ಸ್ಟೂಲಿನ ಮೇಲೆ ಇಟ್ಟಿದ್ದಳು. ಹಳೆಯ ಸೀರೆಯ ಅಂಚು ಹೊಲಿದು ಅದಕ್ಕೊಂದು ಹೊದಿಕೆ ಮಾಡಿದ್ದಳು. ಆಯುಧಪೂಜೆಗೆ ಅರಿಶಿನ ಕುಂಕುಮವೂ ಬಿದ್ದಿತ್ತು. ಅದೇ ಊರಿನ ಮೇಲಿನ ಬೀದಿಯಲ್ಲಿ ರತ್ನಮ್ಮ ಎಂಬವಳೊಬ್ಬಳು ಇದ್ದಳು. ಅವಳ ಫಿಲ್ಟರ್ ಒಲೆಯ ಪಕ್ಕದಲ್ಲಿ ಮಸಿ ಹಿಡಿದು, ನಲ್ಲಿಯ ಬಾಯಲ್ಲಿ ಉಪ್ಪು ಕಟ್ಟಿಕೊಂಡು, ಮುಚ್ಚಳ ಸೊಟ್ಟಗಾಗಿ ಕೂತಿರುತ್ತಿತ್ತು. ಊರಿಗೆಲ್ಲ ಕಾಳು ತೊಳೆಸಿಕೊಳ್ಳಲು ನಮ್ಮ ಕಚೇರಿಗೆ ಬಂದವಳು ಅವಳೊಬ್ಬಳೇ. ಇಟ್ಟುಕೊಳ್ಳುವ ರೀತಿಯಲ್ಲಿ ಇಟ್ಟುಕೊಂಡಿದ್ದರೆ ಇಷ್ಟು ಬೇಗ ಹಾಳಾಗುತ್ತಿತ್ತೇ ಎಂದು ನಾನು ಅವಳನ್ನು ಬೈದು, ಫಾರಂನಲ್ಲಿ ಬಳಕೆ ಸರಿಯಿಲ್ಲ ಎಂದು ಬರೆದೆ. ರತ್ನಮ್ಮ ಬಾಯಿ ಜೋರಿನವಳು. ಆದರೂ ಅವತ್ತು ಕಾಳಿನ ಚೀಲ ಎತ್ತಿಕೊಂಡು ಹೊರಟುಹೋದಳು.

ಉಳಿದ ಯಾವ ಮನೆಯಿಂದಲೂ ಕಾಳು ಬರಲಿಲ್ಲ. ನಾಲ್ಕು ತಿಂಗಳಾಯಿತು, ಆರಾಯಿತು, ಎಂಟಾಯಿತು. ನಮ್ಮ ಟ್ರಸ್ಟಿನ ಸಾರ್ ಒಳ್ಳೆಯ ಮನುಷ್ಯ, ಆ ಊರುಗಳಿಗಾಗಿ ಬೆವರು ಸುರಿಸಿದವರೇ. ನಾನು ಹಾಳೆಗಳನ್ನು ಮುಂದಿಟ್ಟಾಗ ಖುಷಿಪಟ್ಟರು. ಕಾಳು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಬಾಳಿಕೆ ಬರುತ್ತಿದೆ ಎಂದು ವರದಿಯಲ್ಲಿ ಬರೆ ಎಂದರು. ಬರೆದೆ. ಬಿ.ಎಸ್ಸಿ. ಓದಿದವಳು ನಾನು. ಮುಗಿಯಲೇಬೇಕಾದದ್ದು ಯಾಕೆ ಮುಗಿಯುತ್ತಿಲ್ಲ ಎಂದು ಒಂದು ಸಲ ಕೇಳಿಕೊಳ್ಳಬಹುದಿತ್ತು. ಕೇಳಿಕೊಳ್ಳಲಿಲ್ಲ. ಖುಷಿ ಕೊಡುವ ಲೆಕ್ಕವನ್ನು ಎರಡನೆಯ ಸಲ ಯಾರೂ ಕೂಡಿಸಿ ನೋಡುವುದಿಲ್ಲ.

ಸಂಕ್ರಾಂತಿಯಾದ ಮೇಲೆ ನನಗೆ ಇನ್ನೊಂದು ಉಪಾಯ ಹೊಳೆಯಿತು. ಎಲ್ಲರಿಗಿಂತ ಚೆನ್ನಾಗಿ ಫಿಲ್ಟರ್ ಇಟ್ಟುಕೊಂಡವರಿಗೆ ಬಹುಮಾನ. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿಸಿ, ಪಾಪಮ್ಮಜ್ಜಿಯನ್ನು ಕರೆದು, ಟ್ರಸ್ಟಿನ ಹೆಸರು ಕೊರೆಸಿದ ದೊಡ್ಡ ಸ್ಟೀಲ್ ಕೊಡ ಕೊಟ್ಟೆವು. ಅಜ್ಜಿ ಆ ಕೊಡವನ್ನು ಮಗುವಿನ ಹಾಗೆ ಸೊಂಟಕ್ಕೇರಿಸಿಕೊಂಡು ಬೀದಿಯಲ್ಲಿ ನಡೆದುಹೋದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮುಂದಿನ ಸಲ ಹೋದಾಗ ಊರಿನ ಎಲ್ಲ ಫಿಲ್ಟರುಗಳೂ ಹೊಳೆಯುತ್ತಿದ್ದವು. ರತ್ನಮ್ಮನದೂ ಸಹ. ಒಲೆಯ ಪಕ್ಕದಿಂದ ಎದ್ದು ನಡುಮನೆಗೆ ಬಂದು ಹೊದಿಕೆ ಹೊದ್ದುಕೊಂಡಿತ್ತು. ನಾನು ಬೆನ್ನು ತಟ್ಟಿದೆ.

ಇಷ್ಟರ ನಡುವೆ ಭವ್ಯಳ ಮಂಡಿಗಳನ್ನು ನಾನು ನೋಡಲಿಲ್ಲವೇ ಎಂದು ನೀವು ಕೇಳಬಹುದು. ಪ್ರತಿ ಸಲವೂ ನೋಡಿದೆ. ಅವಳು ಓಡಿ ಬಂದು ನನ್ನ ಪ್ಯಾಡಿನ ಪೆನ್ನು ಕಿತ್ತುಕೊಳ್ಳುತ್ತಿದ್ದಳು. ಮೊದಲಿಗಿಂತ ಎತ್ತರವಾಗಿದ್ದಳು, ಕೆನ್ನೆ ತುಂಬಿಕೊಂಡಿತ್ತು, ಅಷ್ಟು ಸಾಕಾಯಿತು. ಗೋಡೆಗೆ ನಿಲ್ಲಿಸಿ ನನ್ನ ಬೆರಳಿಟ್ಟು ನೋಡಲು ಎಷ್ಟು ಹೊತ್ತು ಬೇಕಿತ್ತು? ಮೂತ್ರದ ಬಾಟಲಿಯದೂ ಅಷ್ಟೇ. ಮಗುವಿನ ಮೂತ್ರ ಹಿಡಿದುಕೊಡಿ ಎಂದು ಕೇಳಲು ನಾಚಿಕೆ. ಅದನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂರಲು ಇನ್ನೂ ನಾಚಿಕೆ. ಮುಂದಿನ ಸಲ ಮಾಡಿಸೋಣ ಎನ್ನುತ್ತಾ ಇಡೀ ವರ್ಷ ಕಳೆಯಿತು. ನಾನು ಫಿಲ್ಟರನ್ನು ಅಳೆದೆ, ಮಗುವನ್ನು ಅಳೆಯಲಿಲ್ಲ. ಈಗ ತರಬೇತಿಯಲ್ಲಿ ಎರಡು ದಿನ ಹೇಳುವುದನ್ನೆಲ್ಲ ಹಿಂಡಿದರೆ ಉಳಿಯುವುದು ಇಷ್ಟೇ.

ಮತ್ತೆ ಮಾವಿನ ಕಾಲ ಬಂತು. ತೋಪುಗಳಲ್ಲಿ ಕಾಯಿ ಇಳಿಸುತ್ತಿದ್ದರು, ಹೆದ್ದಾರಿಯಲ್ಲಿ ಲಾರಿಗಳ ಸಾಲು. ಟ್ರಸ್ಟಿಗೆ ನೆರವು ಕೊಡುವವರು ಕೆಲಸ ಹೇಗೆ ನಡೆದಿದೆ ಎಂದು ನೋಡಿ ಬರಲು ಹೊರಗಿನವರೊಬ್ಬರನ್ನು ಕಳಿಸಿದರು. ತಿಲಗವತಿ ಅಮ್ಮ ಎಂದು ಅವರ ಹೆಸರು. ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ತಮಿಳಿನವರು, ನಮ್ಮ ಕಡೆ ಇದ್ದು ಇದ್ದು ಕನ್ನಡ ಬೆರೆಸಿ ಮಾತಾಡುತ್ತಿದ್ದರು. ನನಗೆ ಅವರು ಹಿಡಿಸಲಿಲ್ಲ. ನಾನು ವರ್ಷವೆಲ್ಲ ತುಂಬಿದ ಫಾರಂಗಳ ಕಟ್ಟನ್ನು ಕೊಟ್ಟರೆ ಎರಡು ಹಾಳೆ ತಿರುವಿ ಪಕ್ಕಕ್ಕಿಟ್ಟರು. ಯಾವ ಮನೆಯ ಮಗುವಿನ ಕಾಲು ಎಲ್ಲರಿಗಿಂತ ಹೆಚ್ಚು ಸೊಟ್ಟಗಿದೆಯೋ ಆ ಮನೆಗೆ ಹೋಗೋಣ, ಬೆಳಗ್ಗೆ ಒಲೆ ಹಚ್ಚುವುದಕ್ಕೆ ಮುಂಚೆ, ಎಂದರು.

ಹೋದೆವು. ಮಂಜುಳ ಕಂಪನಿ ಬಸ್ಸಿಗೆ ಹೊರಡುತ್ತಿದ್ದಳು. ಅಜ್ಜಿ ಎಂದಿನಂತೆ ಕುರ್ಚಿ ಹಾಕಿ, ಫಿಲ್ಟರ್‌ನಿಂದ ಲೋಟ ತುಂಬಿಸಿ ತಂದಳು. ತಿಲಗವತಿ ಅಮ್ಮ ಕುರ್ಚಿ ಬೇಡವೆಂದು ಅಡುಗೆಮನೆಯ ಹೊಸಿಲ ಹತ್ತಿರ ನೆಲದಲ್ಲಿ ಕೂತರು. ನೀರನ್ನೂ ಕುಡಿಯಲಿಲ್ಲ, ಆಮೇಲೆ ನಿಮ್ಮ ಜೊತೆ ಊಟ ಮಾಡುವಾಗ ಕುಡಿಯುತ್ತೇನೆ ಎಂದರು. ಆಮೇಲೆ ನನ್ನ ಕಡೆ ತಿರುಗಿ, ನೀನು ಇದ್ದರೆ ಅವರು ನಿನಗೆ ಇಷ್ಟವಾಗುವ ಹಾಗೆ ಇರುತ್ತಾರೆ, ಸ್ವಲ್ಪ ಹೊತ್ತು ಹೊರಗೆ ಇರಮ್ಮ ಎಂದರು. ಒಂದು ವರ್ಷ ನನ್ನ ಊರಾಗಿದ್ದ ಊರಿನಲ್ಲಿ ನಾನು ಹೊರಗಿನವಳಂತೆ ಹುಣಸೆ ಮರದ ಕೆಳಗೆ ಕೂತೆ. ಒಳಗಿನಿಂದ ಪಾತ್ರೆ ಸದ್ದು, ಮುದ್ದೆ ತಿರುವುವ ಸದ್ದು, ಅಜ್ಜಿಯ ಮಾತು. ಕೋಪದಲ್ಲಿ ನನ್ನ ಕಿವಿ ಸುಡುತ್ತಿತ್ತು.

ಬಿಸಿಲೇರಿದ ಮೇಲೆ ಕರೆದರು. ಟ್ರಸ್ಟಿನ ಸಾರ್ ಕೂಡ ಬಂದಿದ್ದರು. ತಿಲಗವತಿ ಅಮ್ಮ ಬಾಗಿಲಲ್ಲಿ ನಿಂತಿದ್ದ ಭವ್ಯಳನ್ನು ಕರೆದರು.

"ಪಾಪಾ, ಆಡಿ ಆಡಿ ನಿನ್ಗೆ ದಾಹ ಆದ್ರೆ ಎಲ್ಲಿ ನೀರು ಕುಡೀತೆ? ತೋರ್ಸು ಚಿನ್ನ."

ಭವ್ಯ ದೇವರ ಪಟದ ಪಕ್ಕದಲ್ಲಿದ್ದ ಫಿಲ್ಟರನ್ನು ದಾಟಿಕೊಂಡು ಅಡುಗೆಮನೆಗೆ ಓಡಿದಳು. ನಾನು ಕೊಡಿಸಿದ್ದ ಬಹುಮಾನದ ಕೊಡದಲ್ಲಿ ಲೋಟ ಅದ್ದಿ, ಗಟಗಟ ಕುಡಿದು, ನಮ್ಮ ಕಡೆ ನೋಡಿ ನಕ್ಕಳು. ತಿಲಗವತಿ ಅಮ್ಮ ಆ ಕೊಡದ ನೀರನ್ನು ನನ್ನ ಕೈಗೇ ಕೊಟ್ಟು ಹನಿ ಹಾಕು ಎಂದರು. ಹಾಕಿದೆ. ಹಳದಿ. ಒಲೆಯ ಮೇಲಿದ್ದ ಎಸರಿನ ನೀರು, ಅದೂ ಹಳದಿ. ಮುದ್ದೆ, ಸಾರು, ಮಗುವಿನ ರಾಗಿ ಗಂಜಿ, ಎಲ್ಲವೂ ಬೋರಿನ ನೀರಿನಲ್ಲೇ.

ಪಾಪಮ್ಮಜ್ಜಿಗೆ ಏನೋ ತಪ್ಪಾಗಿದೆ ಎಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ನನ್ನನ್ನು ನೋಡಿದಳು.

"ತಪ್ಪಿಸಿಲ್ಲ ಕಣವ್ವ. ಬೆಳಗ್ಗೆ ಒಂದ್ ಲೋಟ, ಸಾಯಂಕಾಲ ಒಂದ್ ಲೋಟ. ಜರ ಬಂದಾಗ್ಲೂ ತಪ್ಪಿಸಿಲ್ಲ. ಮದ್ದು ಅಂದ್ಮ್ಯಾಲೆ ಹೊಟ್ಟೆ ತುಂಬ ಕೊಡಕ್ಕಾಯ್ತದಾ? ಆ ಕಾಳು ಬ್ಯಾಗ ಮುಗ್ದೋದ್ರೆ ಮಗೀಗೆ ಇಲ್ದಂಗಾಯ್ತದೆ ಅಂತ ನಾವ್ಯಾರೂ ಒಂದು ತೊಟ್ಟು ಮುಟ್ಟಿಲ್ಲ. ನೀನ್ ಬಂದಾಗ ನಿಂಗೊಂದ್ ಲೋಟ ಕೊಟ್ಟಿದ್ದು, ಅಷ್ಟೆ."

ಉಳಿದವರ ಕಾಳು ಯಾಕೆ ಮುಗಿಯಲಿಲ್ಲ, ದಿನವೂ ಬಳಸಿದ ರತ್ನಮ್ಮನದು ಯಾಕೆ ಮುಗಿಯಿತು ಎಂದು ನನಗೆ ಹೊಳೆಯಿತು. ನಾನು ಆಗ ಒಂದು ಮಾತು ಆಡಬೇಕಿತ್ತು. ಮದ್ದು ಎಂದು ಹೇಳಿದವಳು ನಾನು, ಕುಡಿಯುವುದಕ್ಕೂ ಅಡುಗೆಗೂ ದಿನವೆಲ್ಲ ಇದೇ ನೀರು ಎಂದು ಬಿಡಿಸಿ ಹೇಳದವಳೂ ನಾನು, ದಿನಕ್ಕೆ ಎಷ್ಟು ಲೋಟ ಎಂದು ಕೇಳದವಳೂ ನಾನು ಎಂದು ಎಲ್ಲರ ಮುಂದೆ ಹೇಳಬೇಕಿತ್ತು. ಸಾರ್ ನನ್ನನ್ನೇ ನೋಡುತ್ತಿದ್ದರು. ನಾನು ಬಾಯಿ ಬಿಡಲಿಲ್ಲ. ಅಜ್ಜಿ ಇನ್ನಷ್ಟು ಹೊತ್ತು ನನ್ನ ಮುಖ ನೋಡಿ, ಕೊನೆಗೆ ಸೆರಗಿನಿಂದ ಫಿಲ್ಟರಿನ ಮೇಲೆ ಇಲ್ಲದ ದೂಳನ್ನು ಒರೆಸತೊಡಗಿದಳು.

ಅದೇ ವಾರ ಮತ್ತೆ ಕೃಷ್ಣಗಿರಿಗೆ ಹೋದೆವು. ಈ ಸಲ ಮಂಜುಳ ರಜ ಹಾಕಿ ಬಂದಳು. ಡಾಕ್ಟರು ಮತ್ತೆ ಗೋಡೆಗೆ ನಿಲ್ಲಿಸಿ ಬೆರಳಿಟ್ಟರು. ನಾಲ್ಕು ಬೆರಳು ಇದ್ದದ್ದು ಏಳಾಗಿತ್ತು. ಮೂತ್ರದಲ್ಲಿ ಫ್ಲೋರೈಡ್ ಹೋದ ವರ್ಷ ಇದ್ದಷ್ಟೇ ಇತ್ತು, ಒಂದು ಚೂರೂ ಇಳಿದಿರಲಿಲ್ಲ. ಅವರು ಬೈಯಲಿಲ್ಲ. ಇನ್ನು ಮೇಲೆ ನೀರು ಬದಲಾಯಿಸಿದರೆ ಇದಕ್ಕಿಂತ ಕೆಡುವುದು ನಿಲ್ಲಬಹುದು, ನೆಟ್ಟಗಾಗುವುದು ಅನುಮಾನ, ದೊಡ್ಡವಳಾದ ಮೇಲೆ ಆಪರೇಷನ್ ಬಗ್ಗೆ ನೋಡಬೇಕು ಎಂದರು. ಮಂಜುಳ ಒಂದೇ ಪ್ರಶ್ನೆ ಕೇಳಿದಳು, ಆರು ತಿಂಗಳ ಹಿಂದೆ ಗೊತ್ತಾಗಿದ್ದರೆ? ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಬಸ್ಸಿನಲ್ಲಿ ಮಂಜುಳ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮಾವಿನ ವಾಸನೆ ಒಳಗೆ ತುಂಬಿಕೊಂಡಿತ್ತು. ಭವ್ಯ ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ತಿಲಗವತಿ ಅಮ್ಮ ಹೇಳಿದ ಹಾಗೆ ಟ್ರಸ್ಟಿನವರು ಎಲ್ಲವನ್ನೂ ಬದಲಾಯಿಸಿದರು. ಫಿಲ್ಟರುಗಳನ್ನು ಅಡುಗೆಮನೆಗೆ ಇಳಿಸಿದರು, ಮಕ್ಕಳ ಪರೀಕ್ಷೆ ಶುರುವಾಯಿತು, ಕಾಳು ತೊಳೆಸಲು ಮನೆಮನೆಯಿಂದ ಬರತೊಡಗಿದರು. ಆಮೇಲೆ ಹುಟ್ಟಿದ ಮಕ್ಕಳಿಗೆ ಅದರಿಂದ ಒಳ್ಳೆಯದಾಗಿದೆ, ಅದನ್ನು ಇಲ್ಲ ಎನ್ನಲಾರೆ. ಆದರೆ ನಮ್ಮ ಟ್ರಸ್ಟಿನ ವರ್ಷದ ವರದಿಯಲ್ಲಿ ಹೀಗೊಂದು ಸಾಲು ಇತ್ತು: "ಬಳಕೆದಾರರಲ್ಲಿ ತಿಳಿವಳಿಕೆಯ ಕೊರತೆಯಿಂದ ಮೊದಲ ವರ್ಷ ನಿರೀಕ್ಷಿತ ಫಲ ಸಿಗಲಿಲ್ಲ." ಸಾರ್ ಹೇಳಿದರು, ಟೈಪ್ ಮಾಡಿದವಳು ನಾನು. ಬಳಕೆದಾರರು ಎಂದರೆ ಪಾಪಮ್ಮಜ್ಜಿ. ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದ, ತಾನು ಬಾಯಾರಿಕೊಂಡು ಮೊಮ್ಮಗಳಿಗೆ ಉಳಿಸಿದ ಆ ಮುದುಕಿಯ ಮೇಲೆ ತಪ್ಪು ಹೊರಿಸಿ, ಕೆಳಗೆ ನನ್ನ ಹೆಸರು ಹಾಕಿದೆ. ಎರಡು ತಿಂಗಳಿಗೆ ಧರ್ಮಪುರಿಯ ಕಡೆ ಬೇರೆ ಕೆಲಸ ಸಿಕ್ಕಿತು, ಹೊರಟುಹೋದೆ. ಅಜ್ಜಿಗೆ ಹೇಳಿಬರಲು ಹೋಗಲಿಲ್ಲ. ಮುಖ ಇರಲಿಲ್ಲ.

ಹನ್ನೊಂದು ವರ್ಷದ ಮೇಲೆ ಆ ಬೀದಿಯಲ್ಲಿ ನಡೆದಾಗ ಊರು ಗುರುತೇ ಸಿಗದಷ್ಟು ಬದಲಾಗಿತ್ತು. ಮನೆಮನೆಯ ಮುಂದೆ ಕೊಳಾಯಿ, ಹೊಳೆಯ ನೀರು ದಿನ ಬಿಟ್ಟು ದಿನ ಬರುತ್ತದೆಯಂತೆ. ಹುಣಸೆ ಮರ ಇತ್ತು. ಮಂಜುಳ ಬಾಗಿಲಲ್ಲೇ ನನ್ನನ್ನು ಗುರುತು ಹಿಡಿದಳು. ಬಾ ಎಂದಳು, ಅಷ್ಟೇ. ಗೋಡೆಯ ಮೇಲೆ ಪಾಪಮ್ಮಜ್ಜಿಯ ಫೋಟೋ, ಅದಕ್ಕೆ ಪ್ಲಾಸ್ಟಿಕ್ ಹೂವಿನ ಹಾರ. ಹೋಗಿ ಎರಡು ವರ್ಷವಾಯಿತಂತೆ. ನಾನು ಕುರ್ಚಿಯಲ್ಲಿ ಕೂರದೆ ನೆಲದಲ್ಲಿ ಕೂತೆ. ಅಜ್ಜಿ ಏನಾದರೂ ಅನ್ನುತ್ತಿದ್ದಳಾ ಎಂದು ಕೇಳಿದೆ.

ಮಂಜುಳ ಫೋಟೋದ ಕಡೆ ನೋಡಿ ಹೇಳಿದಳು. "ಸಾಯೋಗಂಟ ಅದೊಂದೇ ಮಾತು. ಎಲ್ಡೊತ್ತೂ ಕೊಟ್ಟೆ ಕಣೇ, ಒಂದಿನಾನೂ ತಪ್ಪಿಸ್ಲಿಲ್ಲ, ಆದ್ರೂ ನಾನೇ ಮಗೀನ ಕಾಲು ಕೆಡಿಸ್ಬುಟ್ಟೆ ಅಂತ. ನಾವ್ ಎಷ್ಟೇಳಿದ್ರೂ ಕೇಳ್ಲಿಲ್ಲ. ನಮಗೂ ಏನಂತ ಹೇಳಾಕೆ ಗೊತ್ತಿರ್ಲಿಲ್ಲ ಬುಡು."

ಅಷ್ಟರಲ್ಲಿ ಭವ್ಯ ಒಳಗಿನಿಂದ ಬಂದಳು. ಪ್ಲಸ್ ಒನ್, ಹನ್ನೊಂದನೆಯ ತರಗತಿ ಓದುವ ಹುಡುಗಿ. ಮುಖದಲ್ಲಿ ಅದೇ ಚೂಟಿತನ. ನಡೆಯುವಾಗ ಮಂಡಿಗಳು ತಾಗುತ್ತವೆ, ಒಂದು ಹೆಜ್ಜೆಗೂ ಇನ್ನೊಂದು ಹೆಜ್ಜೆಗೂ ನಡುವೆ ಮೈ ಒಂದು ಕಡೆಗೆ ವಾಲುತ್ತದೆ. ಆಪರೇಷನ್ನಿಗೆ ಸೇಲಂಗೆ ಹೋಗಿ ಕೇಳಿದ್ದಾರಂತೆ, ಇನ್ನೂ ನಿರ್ಧಾರವಾಗಿಲ್ಲವಂತೆ. ನಾನು ಅವಳ ಮುಂದೆ, ಅಜ್ಜಿಯ ಫೋಟೋದ ಕೆಳಗೆ, ಎಲ್ಲವನ್ನೂ ಹೇಳಿದೆ. ಮದ್ದು ಎಂದದ್ದು, ಕೇಳದೇ ಹೋದದ್ದು, ಬೆರಳಿಟ್ಟು ನೋಡದೇ ಹೋದದ್ದು, ಎಲ್ಲರ ಮುಂದೆ ಬಾಯಿ ಮುಚ್ಚಿಕೊಂಡು ನಿಂತದ್ದು, ವರದಿಯಲ್ಲಿ ಬರೆದದ್ದು. ತಪ್ಪು ನಿನ್ನ ಅಜ್ಜಿಯದಲ್ಲ, ನನ್ನದು ಎಂದೆ. ಹೇಳುತ್ತಾ ಅತ್ತೆ. ಅವರಿಬ್ಬರೂ ಅಳಲಿಲ್ಲ.

"ಅಜ್ಜಿ ಇದ್ದಾಗ ಬಂದು ಹೇಳ್ಬೇಕಿತ್ತು ಅಕ್ಕ" ಎಂದಳು ಭವ್ಯ. ಅವಳ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಮೇಲೆ ಎದ್ದು ಒಳಗೆ ಹೋದಳು. ಅಡುಗೆಮನೆಯ ಮೂಲೆಯಲ್ಲಿ ಟ್ರಸ್ಟಿನ ಹೆಸರು ಅರ್ಧ ಅಳಿಸಿಹೋದ ಅದೇ ಕೊಡ, ಈಗ ಅದರಲ್ಲಿ ಕೊಳಾಯಿಯ ಹೊಳೆ ನೀರು. ಒಂದೇ ಕೊಡದಿಂದ ಎರಡು ಲೋಟ ತುಂಬಿಸಿಕೊಂಡು, ಚೆಲ್ಲದ ಹಾಗೆ ನಿಧಾನವಾಗಿ ವಾಲುತ್ತಾ ಬಂದಳು. ಒಂದನ್ನು ನನ್ನ ಕೈಗೆ ಕೊಟ್ಟಳು. ಇನ್ನೊಂದನ್ನು ನನ್ನ ಎದುರಿಗೇ ನಿಂತು, ತಳ ಕಾಣುವ ತನಕ ಕುಡಿದು, ಖಾಲಿ ಲೋಟವನ್ನು ಬೋರಲು ಮಾಡಿ ತೋರಿಸಿದಳು.

"ಮನೇಲಿ ಎಲ್ರೂ ಇದೇ ಕುಡಿಯೋದು, ಅಡಿಗೆಗೂ ಇದೇ" ಎಂದಳು. "ಈಗ ಬರ್ಕೊಳಿ ಅಕ್ಕ."

ನನ್ನ ಕೈಯಲ್ಲಿ ಫಾರಂ ಇರಲಿಲ್ಲ. ಲೋಟ ಇತ್ತು. ಬಹಳ ಹೊತ್ತು ಅದನ್ನು ಹಿಡಿದುಕೊಂಡೇ ಕೂತಿದ್ದೆ.